ಸಹಾಯ ಬೇಕು: ದಾನಪತ್ರದಲ್ಲಿ 'ವೆಸ್ಟೆಡ್' ಅಂದರೆ ಏನು?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಜ್ಜ ಇಂಗ್ಲಿಷಿನಲ್ಲಿ ಬರೆಸಿದ ದಾನಪತ್ರ ಒಂದಿದೆ. ಅಡಿಕೆ ತೋಟವನ್ನು ಅಜ್ಜಿ ಬದುಕಿರುವವರೆಗೆ ಅನುಭವಿಸಬೇಕು, ಆಮೇಲೆ ಅದು ಅಪ್ಪನಿಗೆ ಅಂತ ಅದರ ಸಾರ. ಅಪ್ಪನ ಹಕ್ಕು 'ವೆಸ್ಟೆಡ್' ಅಂತ ಬರೆದಿದೆ. ಆದರೆ ಅಪ್ಪ ಅಜ್ಜಿಗಿಂತ ಮೊದಲೇ ತೀರಿಕೊಂಡರು. ಹೋದ ವರ್ಷ ಅಜ್ಜಿಯೂ ಹೋದರು. ಈಗ ಚಿಕ್ಕಪ್ಪ, "ನಿನ್ನ ಅಪ್ಪನ ಕೈಗೆ ತೋಟ ಬರಲೇ ಇಲ್ಲವಲ್ಲ ತಮ್ಮಾ, ಹಕ್ಕು ಎಲ್ಲಿಂದ ಬಂತು?" ಅನ್ನುತ್ತಾರೆ. ಆಯಿ ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ.

ನಿಘಂಟು ನೋಡಿದೆ. ಪೇಪರಿನಲ್ಲಿ ಬರುವ 'ಪಟ್ಟಭದ್ರ ಹಿತಾಸಕ್ತಿ' ಸಿಕ್ಕಿತು. ಅದು ಬೈಗುಳ ಅಲ್ವಾ! ಪಕ್ಕದ ಮನೆಯವರ ಗೇಣಿ ಜಮೀನಿನ ಆದೇಶದಲ್ಲೂ ಇದೇ ಪದ ಇದೆ, 1-3-1974ರಿಂದ ಜಮೀನು ಸರ್ಕಾರಕ್ಕೆ 'ವೆಸ್ಟ್' ಆಗಿದೆ ಅಂತ. ಅಲ್ಲಿ ಸೇರಿತು ಅನ್ನೋ ಅರ್ಥ.

ಆಮೇಲೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಓದಿದೆ. 19ನೇ ಕಲಂ ಪ್ರಕಾರ ವೆಸ್ಟೆಡ್ ಹಕ್ಕು ಇರುವವರು ಆಸ್ತಿ ಕೈಗೆ ಬರುವ ಮೊದಲು ತೀರಿಕೊಂಡರೂ ಹಕ್ಕು ಹೋಗುವುದಿಲ್ಲ. ಮುಂದೆ ನಡೆಯಬಹುದು, ನಡೆಯದೆಯೂ ಇರಬಹುದು ಅನ್ನುವ ಘಟನೆಗೆ ಕಟ್ಟಿದ ಹಕ್ಕು ಬೇರೆ, ಅದು 21ನೇ ಕಲಂ. ಸಾವು ಎಲ್ಲರಿಗೂ ಬಂದೇ ಬರುತ್ತದೆ. ಹಾಗಾಗಿ ನಮ್ಮದು ಮೊದಲನೆಯದೇ ಅಂತ ನನ್ನ ಲೆಕ್ಕ. ಆದರೆ "ಅಜ್ಜಿಯ ನಂತರ" ಅನ್ನೋ ಮಾತೇ ಷರತ್ತು ಅಂತ ಚಿಕ್ಕಪ್ಪನ ವಾದ.

ಗೊತ್ತಿದ್ದವರು ಹೇಳಿ: ಆ ಮಾತು ಬರೀ ಸಮಯ ಹೇಳುತ್ತದೋ, ಷರತ್ತೋ? ಕನ್ನಡ ಅನುವಾದದಲ್ಲಿ 'ವೆಸ್ಟೆಡ್'ಗೆ ಯಾವ ಪದ ಹಾಕಿಸಲಿ?