ಮಕ್ಕಳಿಗೆ ಲೀಡರ್‌ಶಿಪ್ ಕ್ಲಾಸ್ ಬೇಕಾ?

ಮಕ್ಕಳನ್ನು ಲೀಡರ್‌ಶಿಪ್ ಕ್ಲಾಸಿಗೆ ಹಾಕಬೇಕಾ ಅಂತ ಹೊರದೇಶದಲ್ಲಿರುವ ನಮ್ಮ ಗುಂಪಿನಲ್ಲಿ ನಡೆಯುತ್ತಿರುವ ಚರ್ಚೆ ಓದುತ್ತಿದ್ದೆ. ಸ್ಟೇಜ್ ಮೇಲೆ ಹೆದರದೆ ಮಾತಾಡೋದು ಮಕ್ಕಳು ಕಲಿತರೆ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮೈಕ್ ಹಿಡಿದವನೇ ಮುಂದಾಳು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಅಂತ ಮಕ್ಕಳ ಜೊತೆ ನಾಪೋಕ್ಲು ಹತ್ತಿರದ ನಮ್ಮೂರಿಗೆ ಬಂದಿದ್ದೇವೆ. ಇಲ್ಲಿಂದಲೇ ಬರೆಯುತ್ತಿದ್ದೇನೆ. ನೆಟ್‌ವರ್ಕ್ ಕೈಕೊಟ್ಟರೆ ಉತ್ತರ ತಡವಾಗಬಹುದು.

ಕೊಡಗಿನ ಆಚೆಯವರಿಗೆ ಗೊತ್ತಿರಲಿ, ಒಂದೇ ಮನೆಹೆಸರಿನವರೆಲ್ಲ ಸೇರಿದರೆ ಒಂದು ಒಕ್ಕ. ಎಲ್ಲರಿಗೂ ಸೇರಿದ ಮೂಲ ಮನೆ ಐನ್‌ಮನೆ. ಒಕ್ಕದ ಹಿರಿಯರು ಪಟ್ಟೆದಾರರು. ಹುತ್ತರಿಯ ದಿನ, ಹೊತ್ತು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುತ್ತದೆ. ಆ ರಾತ್ರಿ ಗದ್ದೆಗೆ ಹೋಗಿ "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಕದಿರು ತರುತ್ತೇವೆ. ಮಕ್ಕಳಿಗೆ ಖುಷಿಯೋ ಖುಷಿ.

ನಾನು ಹೇಳಬೇಕಾಗಿರುವುದು ಮಾರನೇ ಬೆಳಗ್ಗಿನ ವಿಷಯ. ದೊಡ್ಡಪ್ಪ ಹಳೇ ಡೈರಿ ಬಿಡಿಸಿ ಒಕ್ಕದ ಖರ್ಚು ಓದಿದರು. ದೀಪದ ಎಣ್ಣೆ, ಹೆಂಚು ಕೈಯಾಡಿಸಿದ ಕೂಲಿ, ಕುರ್ಚಿ ಬಾಡಿಗೆ. ಕಾಲೇಜು ಹುಡುಗನೊಬ್ಬ ನಡುವೆ ಬಾಯಿ ಹಾಕಿದ. "ಅಜ್ಜಾ, ಕುರ್ಚಿ ಬಾಡಿಗೆ ಹೋದ ವರ್ಷಕ್ಕಿಂತ ಜಾಸ್ತಿ ಇದೆಯಲ್ಲ?" ದೊಡ್ಡಪ್ಪ ಮುಖ ಗಂಟು ಹಾಕಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಡೈರಿಯೊಳಗಿಂದ ಚೀಟಿ ತೆಗೆದು ಅವನ ಕೈಗೇ ಕೊಟ್ಟರು. "ಈ ಸಲ ಎರಡು ದಿನ ಇಟ್ಕೊಂಡ್ವಿ ಮಾರಾಯ, ನೋಡು." ಅವನು ನೋಡಿ ವಾಪಸ್ ಕೊಟ್ಟ. ಓದು ಮುಂದುವರಿಯಿತು.

"ಅಜ್ಜಂಗೆ ಕೋಪ ಬರಲ್ವಾ?" ಅಂತ ಮಗಳು ಕಿವಿಯಲ್ಲಿ ಕೇಳಿದಳು. ಅವಳು ಕೇಳುವುದರಲ್ಲಿ ತಪ್ಪಿಲ್ಲ ಬಿಡಿ. ನಮ್ಮ ಗುಂಪಿನಲ್ಲಿ ಹಿಂದೊಮ್ಮೆ ಖರ್ಚಿನ ವಿವರ ಕೇಳಿದವರಿಗೆ "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಉತ್ತರ ಬಂದಿತ್ತು. ಆಮೇಲೆ ಎಷ್ಟು ಜನ ದುಡ್ಡು ಕೊಡುವುದನ್ನೇ ನಿಲ್ಲಿಸಿದರು ಅಂತ ಎಲ್ಲರಿಗೂ ಗೊತ್ತು.

ಒಕ್ಕದಲ್ಲಿ ಜಗಳವೇ ಇಲ್ಲ ಅಂತಲ್ಲ. ಬೇಲಿ ವಿಚಾರಕ್ಕೆ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಪಟ್ಟೆದಾರಿಕೆ ಗಂಡಸರಿಗೇ ಯಾಕೆ ಅನ್ನುವ ಪ್ರಶ್ನೆ ನನಗೂ ಇದೆ. ಆದರೂ ಕೊಡವ ಒಕ್ಕಗಳು ತಂಡ ಕಟ್ಟಿಕೊಂಡು ಆಡುವ ಕೌಟುಂಬಿಕ ಹಾಕಿ ಪಂದ್ಯಾವಳಿಯನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡಗಿನ ಕರಡದಲ್ಲಿ ಶುರು ಮಾಡಿದ್ದು. ವರ್ಷಕ್ಕೊಂದು ಒಕ್ಕ ಹೊಣೆ ಹೊರುತ್ತದೆ, ಮುಂದಿನ ಸಲ ಬೇರೆಯವರಿಗೆ ಬಿಟ್ಟುಕೊಡುತ್ತದೆ. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಆಡಿದವು. ಇಷ್ಟು ದೊಡ್ಡ ಕೆಲಸ ಒಬ್ಬರ ಕೈಯಲ್ಲೇ ಉಳಿದಿದ್ದರೆ ಯಾವತ್ತೋ ನಿಂತುಹೋಗುತ್ತಿತ್ತು ಅಂತ ನನಗನಿಸುತ್ತದೆ. ಮೂರು ವರ್ಷ ಅದೇ ಅಧ್ಯಕ್ಷರು ಇದ್ದರೆ ನಮ್ಮ ಗುಂಪಿನಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಆಗಸ್ಟ್ 2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಾವೆಲ್ಲ ಹೊರದೇಶದಲ್ಲಿ ಕೂತು ಯಾರಿಗೆ ದುಡ್ಡು ಕಳಿಸುವುದು ಅಂತ ಒದ್ದಾಡಿದ್ದೆವು. ಆಗ ನಮ್ಮ ಪರಿಚಯದ ಮೇಷ್ಟ್ರೊಬ್ಬರು ಒಂದು ಮೆಸೇಜ್ ಹಾಕಿದರು. "ಬಟ್ಟೆ ಸಾಕು, ದಯವಿಟ್ಟು ಕಳಿಸಬೇಡಿ. ಟಾರ್ಪಾಲು, ಮಕ್ಕಳ ನೋಟ್‌ಬುಕ್ ಬೇಕು." ಅದನ್ನು ಓದಿದ ಮೇಲೆ ನಾನು ಅವರಿಗೇ ಕಳಿಸಿದೆ. ಸಾಕು ಅನ್ನುವವರು ಸಿಗುವುದು ಅಪರೂಪ, ಅಲ್ವಾ?

ಹಾಗಾಗಿ ಕ್ಲಾಸಿಗೆ ಹಾಕುವವರು ಹಾಕಿ. ಜೊತೆಗೆ ಇದನ್ನೂ ಮಾಡಿ ನೋಡೋಣ. ಬರುವ ಸಂಕ್ರಾಂತಿ ಕಾರ್ಯಕ್ರಮದಲ್ಲಿ ತಿಂಡಿ ಕೌಂಟರ್ ಪೂರ್ತಿ ಹತ್ತು ವರ್ಷ ಮೇಲ್ಪಟ್ಟ ಮಕ್ಕಳದ್ದೇ ಆಗಲಿ. ಎಳ್ಳು-ಬೆಲ್ಲದ ಪೊಟ್ಟಣ ಎಣಿಸುವುದು, ಚಿಲ್ಲರೆ ಕೊಡುವುದು, ಕೊನೆಗೆ ಕುರ್ಚಿ ಮಡಚಿಡುವುದು ಎಲ್ಲ. ದೊಡ್ಡವರು ಕೈ ಹಾಕುವುದು ಬೇಡ. ದುಡ್ಡು ಕಡಿಮೆ ಬಂದರೆ ಕಡಿಮೆ ಬಂತು ಅಂತಲೇ ಬರೆಯಲಿ, ನಾವು ಗುಟ್ಟಾಗಿ ತುಂಬಿಸುವುದು ಬೇಡ. ಅವತ್ತು ರಾತ್ರಿಯೇ ಮಕ್ಕಳ ಕೈಬರಹದ ಲೆಕ್ಕದ ಫೋಟೋ ಇಲ್ಲಿ ಹಾಕೋಣ. ಅದರ ಕೆಳಗೆ ದೊಡ್ಡವರ ಲೆಕ್ಕವೂ ಬರಲಿ.

ಖಜಾಂಚಿಯವರೇ, ನೀವು ಹ್ಞೂಂ ಅಂದರೆ ಕ್ಯಾಶ್ ಡಬ್ಬ, ನೋಟ್‌ಬುಕ್ ನಾನು ತರುತ್ತೇನೆ. ಹೆಸರು ಕೊಡುವ ಮಕ್ಕಳು ಯಾರ್ಯಾರು?