ಒಂದೂವರೆ ಹೆಕ್ಟೇರಿನಲ್ಲಿ ಸಾವಯವ ಕೃಷಿ: ಗೊಬ್ಬರ ಎಲ್ಲಿಂದ, ಆದಾಯ ಯಾವಾಗ?

ಪ್ರಶ್ನೆ

ನಮ್ಮದು ಒಂದೂವರೆ ಹೆಕ್ಟೇರಿನ ಸಣ್ಣ ಹಿಡುವಳಿ. ಮಳೆಯಾಶ್ರಯದ ಮೆಕ್ಕೆಜೋಳವೇ ಮುಖ್ಯ ಬೆಳೆಯಾಗಿದ್ದು, ನೀರು ಸಿಗುವ ತುಸು ಜಾಗದಲ್ಲಿ ತರಕಾರಿ ಬೆಳೆಯುತ್ತೇವೆ. ಕೊಟ್ಟಿಗೆಯಲ್ಲಿ ಎರಡು ದನಗಳಿವೆ. ರಸಗೊಬ್ಬರ, ಕೀಟನಾಶಕಗಳಿಗೆಂದು ಪ್ರತಿ ಹಂಗಾಮಿನ ಮೊದಲೂ ಸಾಲ ಎತ್ತಬೇಕಾಗುತ್ತದೆ. ಮಳೆ ಕೈಕೊಟ್ಟ ವರ್ಷ ಆ ಸಾಲ ತೀರದೆ ಮುಂದಿನ ವರ್ಷದ ಸಾಲದ ಜೊತೆ ಸೇರಿಕೊಳ್ಳುತ್ತದೆ. ಇದರಿಂದ ಹೊರಬರುವ ದಾರಿಯಾದೀತೆಂದು ಸಾವಯವ ಕೃಷಿಯ ಬಗ್ಗೆ ಯೋಚಿಸುತ್ತಿದ್ದೇವೆ. ಆದರೆ ಓದಿದ್ದೂ ಕೇಳಿದ್ದೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಇಳುವರಿ ಒಂದಿಷ್ಟೂ ಇಳಿಯುವುದಿಲ್ಲ ಎನ್ನುವವರಿದ್ದಾರೆ, ಸಣ್ಣ ರೈತ ಇದಕ್ಕೆ ಕೈಹಾಕಿದರೆ ಮುಳುಗಿದಂತೆಯೇ ಎನ್ನುವವರೂ ಇದ್ದಾರೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಎರಡು ದನಗಳ ಗೊಬ್ಬರದಿಂದ ಬೆಳೆಗೆ ಬೇಕಾದ ಪೋಷಕಾಂಶಗಳನ್ನು ಪೂರೈಸಲು ಸಾಧ್ಯವೇ? ಪ್ರಮಾಣಪತ್ರ ಕೈಗೆ ಬರುವವರೆಗಿನ ವರ್ಷಗಳಲ್ಲಿ ಆದಾಯದ ಗತಿಯೇನು? ಕೂಲಿಯಾಳು ಸಿಗದ ಕುಟುಂಬ ಇದನ್ನು ನಿಭಾಯಿಸಬಲ್ಲದೇ? ಮಣ್ಣಿಗೂ ಪರಿಸರಕ್ಕೂ ಒಳ್ಳೆಯದೆಂಬ ಬಗ್ಗೆ ನನಗೆ ಅನುಮಾನವಿಲ್ಲ. ಲೆಕ್ಕದ ಮಾತು ಬೇಕಾಗಿದೆ.

ಉತ್ತರ 1

ಲೆಕ್ಕವನ್ನೇ ಕೇಳಿದ್ದೀರಿ, ಆದ್ದರಿಂದ ಸಾರಜನಕದಿಂದಲೇ ಆರಂಭಿಸುತ್ತೇನೆ. ಸಾವಯವಕ್ಕೆ ಹೊರಳಿದ ಸಣ್ಣ ಹಿಡುವಳಿಗಳು ಮೊದಲು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಂದು ಟನ್ ಮೆಕ್ಕೆಜೋಳದ ಕಾಳಿನೊಂದಿಗೆ ಸುಮಾರು 15 ಕೆ.ಜಿ. ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಇಡೀ ಒಂದೂವರೆ ಹೆಕ್ಟೇರನ್ನೂ ಮೆಕ್ಕೆಜೋಳವೆಂದೇ ಹಿಡಿದು, ಹೆಕ್ಟೇರಿಗೆ 4 ಟನ್ ಇಳುವರಿ ಎಂದುಕೊಂಡರೆ, ಕಾಳಿನಲ್ಲೇ 90 ಕೆ.ಜಿ. ಹೋಯಿತು. ಯೂರಿಯಾದಲ್ಲಿ ಸಾರಜನಕ ಶೇ 46ರಷ್ಟಿದ್ದರೆ, ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಸುಮಾರು ಶೇ 0.5, ಅಂದರೆ ಟನ್ನಿಗೆ 5 ಕೆ.ಜಿ. ಎರಡು ದನಗಳಿಂದ ವರ್ಷಕ್ಕೆ 7 ಟನ್ ಕಳಿತ ಗೊಬ್ಬರ ಸಿಕ್ಕಿತೆಂದು ಕೈ ಬಿಚ್ಚಿಯೇ ಲೆಕ್ಕ ಹಾಕಿದರೂ 35 ಕೆ.ಜಿ. ಆಯಿತು, ಅದರಲ್ಲೂ ಮೊದಲ ವರ್ಷ ಬೆಳೆಗೆ ಒದಗುವುದು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಮಿಕ್ಕದ್ದು ಮಣ್ಣಿನ ಸಾವಯವ ಅಂಶದಲ್ಲಿ ಸೇರಿಕೊಂಡು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ರಸಗೊಬ್ಬರ ನಿಲ್ಲಿಸಿದ ಮೊದಲ ವರ್ಷಗಳಲ್ಲಿ ಬೆಳೆ ಹಳದಿಗಟ್ಟಿ, ಗೊಬ್ಬರ ಹಾಕುತ್ತಲೇ ಹೋದಂತೆ ಚೇತರಿಸಿಕೊಳ್ಳುವುದರ ಹಿಂದಿನ ಮುಖ್ಯ ಕಾರಣ ಇದೇ ಹೊರತು, ‘ಮಣ್ಣು ರಾಸಾಯನಿಕದ ಚಟ ಬಿಡುತ್ತಿದೆ’ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಎರಡು ದನಗಳ ಗೊಬ್ಬರವೊಂದರಿಂದಲೇ ಸಾಧ್ಯವಿಲ್ಲ. ಕೊರತೆಯನ್ನು ತುಂಬಬೇಕಾದದ್ದು ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ದ್ವಿದಳ ಸಸ್ಯಗಳು. ಸೆಣಬು ಅಥವಾ ಡಯಾಂಚವನ್ನು ಬಿತ್ತಿ, 45-50 ದಿನಗಳಲ್ಲಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ, ತೇವ ಚೆನ್ನಾಗಿದ್ದಲ್ಲಿ ಹೆಕ್ಟೇರಿಗೆ 60-80 ಕೆ.ಜಿ. ಸಾರಜನಕ ಸೇರುತ್ತದೆ. ತೊಡಕಿರುವುದು ಆ ಐವತ್ತು ದಿನಗಳಲ್ಲಿ. ಒಂದೇ ಹಂಗಾಮು ಮಳೆ ಬೀಳುವ ಕಡೆ ಹಸಿರೆಲೆ ಗೊಬ್ಬರಕ್ಕೆ ಅಷ್ಟು ದಿನ ಕೊಟ್ಟರೆ ಮುಖ್ಯ ಬೆಳೆಗೆ ತೇವವೇ ಉಳಿಯುವುದಿಲ್ಲ. ಅಂತಹ ಕಡೆ ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿ ಅಥವಾ ಅಲಸಂದೆಯನ್ನು ಅಂತರಬೆಳೆಯಾಗಿ ಹಾಕುವುದು, ಬದುಗಳ ಮೇಲೆ ಗ್ಲಿರಿಸೀಡಿಯಾ ನೆಟ್ಟು ಸೊಪ್ಪನ್ನು ಕಡಿದು ಹಾಕುವುದು ಹೆಚ್ಚು ಒಗ್ಗುತ್ತದೆ. ಒಂದು ಎಚ್ಚರಿಕೆ: ದ್ವಿದಳ ಬೆಳೆಯ ಕಾಳನ್ನೂ ಹೊಟ್ಟನ್ನೂ ಹೊಲದಿಂದ ಹೊರಗೆ ಒಯ್ದರೆ, ಅದು ಗಾಳಿಯಿಂದ ಹಿಡಿದ ಸಾರಜನಕದ ಬಹುಪಾಲು ಅವುಗಳೊಂದಿಗೇ ಹೋಗುತ್ತದೆ.

ಇನ್ನು ಕೊಟ್ಟಿಗೆ. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು ಗಂಜಲದಲ್ಲಿರುತ್ತದೆ, ಮತ್ತು ಅದು ಅಮೋನಿಯವಾಗಿ ಗಾಳಿಗೆ ಹೋಗಲು ಹೆಚ್ಚು ಹೊತ್ತು ಬೇಡ. ಹುಲ್ಲು, ತರಗು ಹಾಸಿ ಗಂಜಲವನ್ನು ಹೀರಿಸಿ, ಆ ಹಾಸನ್ನು ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣು ಅಥವಾ ಸೋಗೆ ಮುಚ್ಚಿ ಬಿಸಿಲು ಮಳೆಯಿಂದ ಕಾಪಾಡಿದರೆ, ಹೊಸದಾಗಿ ಏನನ್ನೂ ಕೊಳ್ಳದೆ ಗೊಬ್ಬರದ ಸತ್ವ ಗಣನೀಯವಾಗಿ ಹೆಚ್ಚುತ್ತದೆ. ಬಯಲಿನಲ್ಲಿ ಸುರಿದ ತಿಪ್ಪೆಯಿಂದ ಆಗುವ ನಷ್ಟವನ್ನು ತಡೆಯದೆ ಹೊರಗಿನಿಂದ ಎರೆಹುಳು ಗೊಬ್ಬರದ ಚೀಲಗಳನ್ನು ಕೊಂಡು ತರುವವರನ್ನು ಕಂಡರೆ ನನಗೆ ಸೋಜಿಗವಾಗುತ್ತದೆ. ಸಗಣಿ, ಗಂಜಲಗಳನ್ನು ಹುಳಿಸಿ ಮಾಡುವ ದ್ರವಗೊಬ್ಬರಗಳ ವಿಷಯವೂ ಅಷ್ಟೇ: ಅವುಗಳಿಂದ ಬೇರೆ ಪ್ರಯೋಜನವಿರಬಹುದು, ಆದರೆ ಹೆಕ್ಟೇರಿಗೆ ಕೆಲವು ನೂರು ಲೀಟರ್ ತೆಳು ದ್ರಾವಣದಲ್ಲಿ 90 ಕೆ.ಜಿ. ಸಾರಜನಕ ಅಡಗಿರಲು ಸಾಧ್ಯವಿಲ್ಲ.

ರಂಜಕದ ಸಮಸ್ಯೆ ಇನ್ನೂ ಬಿಗಿಯಾದದ್ದು, ಏಕೆಂದರೆ ಅದು ಗಾಳಿಯಿಂದ ಬರುವಂಥದ್ದಲ್ಲ. ಸಾವಯವದಲ್ಲಿ ಶಿಲಾರಂಜಕಕ್ಕೆ ಅನುಮತಿಯಿದೆ, ಆದರೆ ಅದು ಚೆನ್ನಾಗಿ ಕರಗುವುದು ಹುಳಿ ಮಣ್ಣಿನಲ್ಲಿ ಮಾತ್ರ. ಸುಣ್ಣದಂಶ ಹೆಚ್ಚಿರುವ ಮಣ್ಣಿಗೆ ಹಾಕಿದರೆ ಬಹುಕಾಲ ಕಲ್ಲಾಗಿಯೇ ಉಳಿಯುತ್ತದೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮ್ಲತೆ, ರಂಜಕ, ಸಾವಯವ ಇಂಗಾಲ ಈ ಮೂರನ್ನು ನೋಡಿಕೊಳ್ಳಿ.

ಗೊಬ್ಬರದ ಮೂಲವನ್ನು ಮೊದಲು ಕಟ್ಟಿಕೊಳ್ಳದೆ ರಸಗೊಬ್ಬರವನ್ನು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾ ಕಣ್ಣೆದುರಿಗಿದೆ. 2021ರಲ್ಲಿ ಅಲ್ಲಿನ ಸರ್ಕಾರ ರಸಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ನಿರ್ಧಾರದಿಂದ ಹಿಂದೆ ಸರಿಯಬೇಕಾಯಿತಾದರೂ, ಭತ್ತ, ಚಹಾ ಎರಡರ ಉತ್ಪಾದನೆಯೂ ಕುಸಿಯಿತು.

ಉತ್ತರ 2

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಸಣ್ಣ ರೈತರ ಗುಂಪುಗಳ ಪ್ರಮಾಣೀಕರಣದ ಕೆಲಸದಲ್ಲಿ ತೊಡಗಿರುವವನಾದ್ದರಿಂದ ನಾನು ಆದಾಯದ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಇಳುವರಿ ಎಷ್ಟು ಇಳಿಯುತ್ತದೆ ಎಂಬುದು ಈಗ ನೀವು ಎಷ್ಟು ರಸಗೊಬ್ಬರ ಹಾಕುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸಾವಯವದ ಇಳುವರಿ ಬೆಳೆ ಮತ್ತು ಪರಿಸ್ಥಿತಿಗೆ ತಕ್ಕಂತೆ ಶೇ 5ರಿಂದ 34ರವರೆಗೆ ಕಡಿಮೆ. ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ನಡೆಯುತ್ತಿರುವ ದೀರ್ಘಾವಧಿ ಪ್ರಯೋಗದ ಮೊದಲ 21 ವರ್ಷಗಳಲ್ಲಿ ಇಳುವರಿ ಶೇ 20ರಷ್ಟು ಕಡಿಮೆಯಾಗಿತ್ತು, ಆದರೆ ಹೊರಗಿನಿಂದ ಹಾಕಿದ ಪೋಷಕಾಂಶ, ಶಕ್ತಿಯ ಪ್ರಮಾಣ ಅದಕ್ಕಿಂತಲೂ ಹೆಚ್ಚಾಗಿ ಇಳಿದಿತ್ತು. ಈ ಬಗೆಯ ಹೋಲಿಕೆಗಳಲ್ಲಿ ಬಹುಪಾಲು ಗೊಬ್ಬರವನ್ನು ಧಾರಾಳವಾಗಿ ಬಳಸುವ ದೇಶಗಳವು ಎಂಬುದನ್ನು ನೆನಪಿಡಬೇಕು. ಮೊದಲಿನಿಂದಲೂ ಅತಿ ಕಡಿಮೆ ಗೊಬ್ಬರ ಹಾಕುತ್ತಿದ್ದ ಹೊಲದಲ್ಲಿ, ದ್ವಿದಳ ಬೆಳೆ ಮತ್ತು ಒಳ್ಳೆಯ ಕೊಟ್ಟಿಗೆ ಗೊಬ್ಬರ ಸೇರಿದಾಗ ಇಳುವರಿ ಏರಿದ್ದೂ ಉಂಟು. ಸಾಲ ಮಾಡಿ ಗೊಬ್ಬರ ಹಾಕುವ ನಿಮ್ಮ ಹೊಲದಲ್ಲಿ ಇಳಿಯುತ್ತದೆ ಎಂದೇ ಇಟ್ಟುಕೊಳ್ಳಿ.

ಲಾಭದ ವಿಷಯದಲ್ಲಿ 2015ರ ಒಂದು ವಿಶ್ಲೇಷಣೆ ಉಪಯುಕ್ತ. 5 ಖಂಡಗಳಲ್ಲಿ ಬೆಳೆದ 55 ಬೆಳೆಗಳನ್ನು ಪರಿಶೀಲಿಸಿದ ಅದರಲ್ಲಿ, ಸಾವಯವಕ್ಕೆಂದು ಸಿಗುವ ಹೆಚ್ಚುವರಿ ಬೆಲೆಯೂ ಸೇರಿದಾಗ ಸಾವಯವ ಕೃಷಿ ಶೇ 22-35ರಷ್ಟು ಹೆಚ್ಚು ಲಾಭದಾಯಕವೆಂದು ಕಂಡುಬಂದಿತು. ಹೆಚ್ಚುವರಿ ಬೆಲೆಯನ್ನು ತೆಗೆದುಹಾಕಿದರೆ ಅದು ಹಿಂದೆ ಬಿದ್ದಿತು. ಆದರೆ ಸಮಸಮ ಆಗಲು ಬೇಕಾದ ಹೆಚ್ಚುವರಿ ಬೆಲೆ ಕೇವಲ ಶೇ 5-7. ಅಂದರೆ ನೀವು ಎದುರಿಸುವ ಅಪಾಯ ಆ ಬೆಲೆ ಇನ್ನೂ ಸಿಗದ ಪರಿವರ್ತನೆಯ ಅವಧಿಯಲ್ಲಿ, ಎಂದರೆ ಸಾವಯವಕ್ಕೆ ಹೊರಳಿದ ಮೇಲೆ ಬೆಳೆಯನ್ನು ಸಾವಯವವೆಂದು ಮಾರಲು ಕಾಯಬೇಕಾದ ವರ್ಷಗಳಲ್ಲಿ, ಅಡಗಿದೆ. ಯುರೋಪಿನ ನಿಯಮದಲ್ಲಿ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುನ್ನ 2 ವರ್ಷ, ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮುನ್ನ 3 ವರ್ಷ. ಅಮೆರಿಕದ ನಿಯಮದಲ್ಲಿ ಕೊಯ್ಲಿಗೆ ಮುನ್ನ 36 ತಿಂಗಳು. ಈ ಅವಧಿಯಲ್ಲಿ ಇಳುವರಿ ಸಾವಯವದ್ದು, ಬೆಲೆ ಮಾತ್ರ ಮಾಮೂಲಿನದು. ಈ ಕಂದಕವನ್ನು ದಾಟಿಸಲು ಬೇರೆ ಆದಾಯವಿಲ್ಲದ ಕುಟುಂಬಕ್ಕೆ ಇಡೀ ಹಿಡುವಳಿಯನ್ನು ಒಟ್ಟಿಗೆ ಬದಲಿಸಿ ಎಂದು ನಾನಂತೂ ಹೇಳಲಾರೆ.

ಒಂದೂವರೆ ಹೆಕ್ಟೇರಿಗೆ ಒಬ್ಬರೇ ಪ್ರಮಾಣಪತ್ರ ಪಡೆದರೆ, ಅದರಿಂದ ಬರುವ ಹೆಚ್ಚುವರಿ ಆದಾಯ ತಪಾಸಣೆಯ ಖರ್ಚಿಗೇ ಸಾಲದು. ಅದಕ್ಕಾಗಿಯೇ ಗುಂಪು ಪ್ರಮಾಣೀಕರಣವಿದೆ: ರೈತರು ಗುಂಪಾಗಿ ಆಂತರಿಕ ನಿಯಂತ್ರಣ ವ್ಯವಸ್ಥೆಯೊಂದನ್ನು ಮಾಡಿಕೊಂಡು ಪ್ರತಿ ಸದಸ್ಯನ ಹೊಲವನ್ನೂ ತಾವೇ ಪರಿಶೀಲಿಸುತ್ತಾರೆ, ಹೊರಗಿನ ಸಂಸ್ಥೆ ಆ ವ್ಯವಸ್ಥೆಯನ್ನೂ ಕೆಲವು ಹೊಲಗಳನ್ನೂ ತಪಾಸಿಸುತ್ತದೆ. 2022ರಿಂದ ಜಾರಿಯಲ್ಲಿರುವ ಯುರೋಪಿನ ಹೊಸ ನಿಯಮ ಇಂತಹ ಗುಂಪು ಕಾನೂನುಬದ್ಧ ಸಂಸ್ಥೆಯಾಗಿರಬೇಕೆಂದೂ, ಸದಸ್ಯರು 2,000 ಮೀರಬಾರದೆಂದೂ ವಿಧಿಸಿದೆ. ಸೇರುವ ಮುನ್ನ ಕೇಳಲೇಬೇಕಾದ ಪ್ರಶ್ನೆ, ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ ಎಂಬುದು. ಅದು ಖರೀದಿದಾರನ ಹೆಸರಿನಲ್ಲಿದ್ದರೆ, ಬೆಲೆ ಒಪ್ಪದೆ ಬೇರೆಯವರಿಗೆ ಮಾರಲು ಹೊರಟ ದಿನ ನಿಮ್ಮ ಬೆಳೆ ಕಾಗದದ ಮೇಲೆ ಸಾವಯವವಾಗಿ ಉಳಿಯುವುದಿಲ್ಲ.

ಹತ್ತಿರದ ಗ್ರಾಹಕರಿಗೇ ಮಾರುವುದಾದರೆ ಸಹಭಾಗಿ ಖಾತರಿ ವ್ಯವಸ್ಥೆ, ಅಂದರೆ ಪಿಜಿಎಸ್, ಸಾಕಾಗುತ್ತದೆ. ಇದರಲ್ಲಿ ರೈತರೇ ಪರಸ್ಪರ ಹೊಲಗಳನ್ನು ನೋಡಿ ಖಾತರಿ ನೀಡುತ್ತಾರೆ, ಹಲವೆಡೆ ಗ್ರಾಹಕರೂ ಜೊತೆಗಿರುತ್ತಾರೆ. ಖರ್ಚು ಬಹಳ ಕಡಿಮೆ. ರಫ್ತಿಗೆ ಮಾತ್ರ ಇದು ಸಾಮಾನ್ಯವಾಗಿ ನಡೆಯುವುದಿಲ್ಲ.

ಉತ್ತರ 3

ಕೂಲಿಯಾಳಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಕಳೆನಾಶಕ ಬಿಟ್ಟ ಮೇಲೆ ನಿಮ್ಮ ಕುಟುಂಬದ ದುಡಿಮೆಯ ಬಹುಭಾಗ ನುಂಗುವುದು ಕಳೆ. ಮೆಕ್ಕೆಜೋಳದಲ್ಲಿ ಮೊದಲ ಐದಾರು ವಾರ ಕಳೆಯನ್ನು ಹತೋಟಿಯಲ್ಲಿಡದಿದ್ದರೆ ಆಮೇಲೆ ಎಷ್ಟು ಕಿತ್ತರೂ ಹೋದ ಇಳುವರಿ ಮರಳುವುದಿಲ್ಲ. ಬಿತ್ತನೆಗೆ ಮುನ್ನ ಹೊಲವನ್ನು ಹದ ಮಾಡಿ, ಮೊದಲ ಮಳೆಗೆ ಹುಟ್ಟಿದ ಕಳೆಯನ್ನು ಮೇಲ್ಮೇಲೆ ಹರಗಿ ಕೊಂದು ಅನಂತರ ಬಿತ್ತುವುದು, ಸಾಲುಗಳನ್ನು ನೇರವಾಗಿಟ್ಟು ಸಕಾಲದಲ್ಲಿ ಎಡೆಕುಂಟೆ ಹೊಡೆಯುವುದು, ಅಂತರಬೆಳೆಯಿಂದ ನೆಲವನ್ನು ಬೇಗ ಮುಚ್ಚುವುದು, ಇವು ಕೈಗಳೆಯ ಕೆಲಸವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ‘ಹೊದಿಕೆ ಹಾಕಿ’ ಎಂಬ ಸಲಹೆ ತರಕಾರಿ ತಾಕಿಗೆ ಸರಿ. ಇಡೀ ಹೊಲಕ್ಕೆ ಹಾಕುವಷ್ಟು ದಂಟು, ಹುಲ್ಲು ದನಕ್ಕೇ ಬೇಕಾಗಿರುತ್ತದೆ. ಇನ್ನೊಂದು ವಿಷಯವನ್ನು ಇಂತಹ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ: ಕಳೆ ಕೀಳುವ ಕೆಲಸ ಬಹುಮಟ್ಟಿಗೆ ಬೀಳುವುದು ಮನೆಯ ಹೆಂಗಸರ ಮೇಲೆ. ನಿರ್ಧಾರ ಕೈಗೊಳ್ಳುವ ಮುನ್ನ ಅವರ ಒಪ್ಪಿಗೆ ಕೇಳಿದ್ದೀರಾ?

ಕೀಟದ ವಿಷಯದಲ್ಲಿ ಮೆಕ್ಕೆಜೋಳಕ್ಕೆ ಈಗ ದೊಡ್ಡ ತಲೆನೋವು ಸೈನಿಕ ಹುಳು. ಅಮೆರಿಕ ಖಂಡಗಳ ಈ ಕೀಟ 2016ರಲ್ಲಿ ಆಫ್ರಿಕಾದಲ್ಲಿ, 2018ರಲ್ಲಿ ಭಾರತದಲ್ಲಿ ಕಾಣಿಸಿಕೊಂಡಿತು. ಸುಳಿಯೊಳಗೆ ಸೇರಿಕೊಂಡ ಬಲಿತ ಹುಳುವಿಗೆ ಯಾವ ಸಿಂಪಡಣೆಯೂ ಸರಿಯಾಗಿ ತಾಗುವುದಿಲ್ಲ, ಆದ್ದರಿಂದ ಎಳೆಯ ಹಂತದಲ್ಲೇ ಬೇವಿನ ಕಷಾಯ ಅಥವಾ ಬಿ.ಟಿ. ಜೀವಾಣು ಸಿಂಪಡಿಸಬೇಕು; ಎರಡೂ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಂಜೆ ಹೊತ್ತು ಸಿಂಪಡಿಸುವುದು ಲೇಸು. ಕೆನ್ಯಾದಲ್ಲಿರುವ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರವೊಂದು 1990ರ ದಶಕದಲ್ಲಿ ರೂಪಿಸಿದ ‘ತಳ್ಳು-ಸೆಳೆ’ ಪದ್ಧತಿ ನಿಮ್ಮಂಥವರಿಗೆ ಹೇಳಿಮಾಡಿಸಿದಂತಿದೆ. ಸಾಲುಗಳ ನಡುವೆ ಬೆಳೆಸುವ ಡೆಸ್ಮೋಡಿಯಂ ಎಂಬ ಮೇವಿನ ಸಸ್ಯ ತನ್ನ ವಾಸನೆಯಿಂದ ಕಾಂಡಕೊರಕದ ಪತಂಗಗಳನ್ನು ದೂರವಿಡುತ್ತದೆ, ಸುತ್ತಲಿನ ನೇಪಿಯರ್ ಹುಲ್ಲು ಅವನ್ನು ಸೆಳೆದುಕೊಳ್ಳುತ್ತದೆ. ಸೈನಿಕ ಹುಳುವಿನ ಹಾವಳಿಯೂ ಇಂತಹ ಹೊಲಗಳಲ್ಲಿ ಕಡಿಮೆಯಾದದ್ದು ಕಂಡುಬಂದಿದೆ. ಡೆಸ್ಮೋಡಿಯಂ ದ್ವಿದಳ ಸಸ್ಯವಾದ್ದರಿಂದ ಸಾರಜನಕವೂ ಸಿಕ್ಕಿತು, ಎರಡರಿಂದಲೂ ಮೇವೂ ಸಿಕ್ಕಿತು. ಡೆಸ್ಮೋಡಿಯಂ ಬೀಜ ಸಿಗುವುದೇ ಕಷ್ಟ.

ಸಾವಯವದಲ್ಲಿ ಅನುಮತಿಯಿರುವುದೆಲ್ಲ ನಿರಪಾಯ ಎಂದೂ ಭಾವಿಸಬೇಡಿ. ತರಕಾರಿಯ ರೋಗಕ್ಕೆಂದು ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಬೆರೆಸಿದ್ದು) ಪದೇ ಪದೇ ಹೊಡೆದರೆ ತಾಮ್ರ ಮಣ್ಣಿನಲ್ಲಿ ಉಳಿದುಕೊಂಡು ಎರೆಹುಳುಗಳಿಗೆ ಮಾರಕವಾಗುತ್ತದೆ. ಯುರೋಪಿನಲ್ಲಿ ಅದಕ್ಕೆ 7 ವರ್ಷಗಳಲ್ಲಿ ಹೆಕ್ಟೇರಿಗೆ 28 ಕೆ.ಜಿ. ತಾಮ್ರದ ಮಿತಿಯಿದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಮನೆಯವರ ಅಭಿಪ್ರಾಯದ ಮಾತು ಸರಿಯಾಗಿಯೇ ತಟ್ಟಿತು. ಕಳೆಯ ಲೆಕ್ಕವನ್ನು ಅವರ ಮುಂದಿಟ್ಟೇ ಮುಂದುವರಿಯುತ್ತೇವೆ. ಇಡೀ ಹಿಡುವಳಿಯನ್ನು ಒಟ್ಟಿಗೆ ಬದಲಿಸಬೇಡಿ ಎಂದಿರಿ. ಹಾಗಾದರೆ ಮೆಕ್ಕೆಜೋಳದ ಹೊಲದಲ್ಲಿ ಅರ್ಧವನ್ನು ಸಾವಯವ ಮಾಡಿ, ಇನ್ನರ್ಧದಲ್ಲಿ ಮೆಕ್ಕೆಜೋಳವನ್ನೇ ಮಾಮೂಲಿನಂತೆ ಬೆಳೆದರೆ ನಿಯಮ ಒಪ್ಪುತ್ತದೆಯೇ?

ಉತ್ತರ 2 ಬರೆದವರು

ಅಲ್ಲಿಯೇ ತೊಡಕಿದೆ. ಒಂದೇ ಬೆಳೆಯನ್ನು, ಅದರಲ್ಲೂ ನೋಡಿ ಬೇರ್ಪಡಿಸಲಾಗದ ತಳಿಯನ್ನು, ಒಂದೇ ಹಿಡುವಳಿಯಲ್ಲಿ ಎರಡೂ ಬಗೆಯಲ್ಲಿ ಬೆಳೆಯುವುದನ್ನು ಯುರೋಪಿನ ನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ, ಏಕೆಂದರೆ ಕಣದಲ್ಲಿ ರಾಶಿಗಳು ಬೆರೆತರೆ ಪತ್ತೆ ಹಚ್ಚುವ ದಾರಿಯಿಲ್ಲ. ಸಹಭಾಗಿ ಖಾತರಿಯ ಗುಂಪುಗಳಲ್ಲಂತೂ ಇಡೀ ಹಿಡುವಳಿ ಬದಲಾಗಬೇಕೆಂಬ ಒತ್ತಾಯ ಇರಬಹುದು, ಸೇರುವ ಮುನ್ನ ಕೇಳಿಕೊಳ್ಳಿ. ನೀರಿರುವ ತರಕಾರಿ ತಾಕನ್ನು ಮೊದಲು ಬದಲಿಸುವುದು ನಿಮಗೆ ಹೊಂದುತ್ತದೆ. ಜಾಗ ಚಿಕ್ಕದಾದ್ದರಿಂದ ಎರಡು ದನಗಳ ಗೊಬ್ಬರ ಅಲ್ಲಿಗೆ ಸಾಕಾಗುತ್ತದೆ, ಕಳೆಯೂ ಕೈಯಳತೆಯಲ್ಲಿರುತ್ತದೆ, ಮಾರಾಟವೂ ವಾರವಾರ ನಡೆಯುತ್ತದೆ. ಮೆಕ್ಕೆಜೋಳದ ಹೊಲದಲ್ಲಿ ಸದ್ಯ ಪ್ರಮಾಣಪತ್ರದ ಯೋಚನೆ ಬಿಟ್ಟು, ತೊಗರಿ, ಗ್ಲಿರಿಸೀಡಿಯಾಗಳನ್ನು ಸೇರಿಸುತ್ತಾ, ಅವು ಬೇರೂರುತ್ತಾ ಬಂದಂತೆ ಯೂರಿಯಾವನ್ನು ಇಳಿಸುತ್ತಾ ಹೋಗಿ. ಸಾಲದ ಹೊರೆ ತಗ್ಗಲು ಇಷ್ಟೇ ಸಾಕಾದರೂ ಆಶ್ಚರ್ಯವಿಲ್ಲ. ಗೊಬ್ಬರ, ಹುಲ್ಲನ್ನು ಹೊರಗಿನಿಂದ ತರುವುದಾದರೆ ಅದರ ಮೂಲವನ್ನು ವಿಚಾರಿಸಿ: ಕ್ಲೋಪಿರಾಲಿಡ್‌ನಂತಹ ಕೆಲವು ಕಳೆನಾಶಕಗಳು ದನದ ಹೊಟ್ಟೆಯನ್ನೂ ಗೊಬ್ಬರದ ಗುಂಡಿಯನ್ನೂ ದಾಟಿ ಉಳಿದು ಟೊಮೇಟೊ ಮತ್ತು ದ್ವಿದಳ ಬೆಳೆಗಳ ಎಲೆ ಮುರುಟಿಸುತ್ತವೆ.

ತರಕಾರಿ ತಾಕಿಗೆ ಕೊನೆಯ ಬಾರಿ ರಸಗೊಬ್ಬರ, ಕೀಟನಾಶಕ ಹಾಕಿದ ದಿನಾಂಕವನ್ನು ಈಗಲೇ ಬರೆದಿಟ್ಟು, ಖರೀದಿಯ ರಸೀದಿಗಳನ್ನು ಜೋಪಾನ ಮಾಡಿ, ಆದಷ್ಟು ಬೇಗ ಗುಂಪಿನಲ್ಲಿ ಹೆಸರು ನೋಂದಾಯಿಸಿ. ಪರಿವರ್ತನೆಯ ಅವಧಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಈ ಎರಡು ದಿನಾಂಕಗಳಲ್ಲಿ ಒಂದರಿಂದ. ಯಾವುದರಿಂದ ಎಂಬುದನ್ನು ನೀವು ಸೇರುವ ವ್ಯವಸ್ಥೆಯ ನಿಯಮ ಹೇಳುತ್ತದೆ.