ಅಕ್ವೇರಿಯಂ ಮೀನನ್ನ ಕೆರೆಗೆ ಬಿಡಬಹುದಾ ಸರ್?

ಪ್ರಶ್ನೆ (ಶಿರಸಿ): ನಮಸ್ಕಾರ ಸರ್. ಮೂರು ವರ್ಷದ ಹಿಂದೆ ಮಗಳಿಗೆ ಅಂತ ತಂದ, ತೊಟ್ಟಿ ಗಾಜಿಗೆ ಅಂಟಿ ಪಾಚಿ ತಿನ್ನೋ ಸಕ್ಕರ್ ಮೀನು ಆಗ ಬೆರಳುದ್ದ ಇತ್ತು, ಈಗ ಮೊಳದ ಹತ್ರ ಬಂದಿದೆ, ತೊಟ್ಟಿಲಿ ತಿರುಗೋಕೂ ಜಾಗ ಇಲ್ಲ. ಕೊಲ್ಲೋಕೆ ಮನಸ್ಸಿಲ್ಲ, ಊರ ಕೆರೆಗೆ ಬಿಡೋಣ ಅಂದ್ರೆ ನಮ್ಮ ಭಾವ ಬೇಡವೇ ಬೇಡ ಅಂತಾರೆ. ಒಂದೇ ಮೀನಲ್ವಾ? ಕೆಲವು ಚಂದದ ಮೀನಿಗೆ ಬ್ಯಾನ್ ಯಾಕೆ ಹಾಕ್ತಾರೆ?

ಉತ್ತರ (ಮೀನುಗಾರಿಕೆ ಸಲಹೆಗಾರ, ಕಾರವಾರ): ಭಾವ ಹೇಳಿದ್ದೇ ಸರಿ, ದಯವಿಟ್ಟು ಬಿಡಬೇಡಿ. ಒಂದೇ ಅಂತ ನೀವಂದ್ಕೊಳ್ತೀರಿ, ಪಕ್ಕದ ಕೇರಿಯವ್ರೂ ಹಾಗೇ ಅಂದ್ಕೊಂಡು ಇನ್ನೊಂದು ಬಿಟ್ರೆ ಅಲ್ಲಿಗೆ ಜೋಡಿ ಆಯ್ತು. ಸಕ್ಕರ್ ದಕ್ಷಿಣ ಅಮೆರಿಕದ ಮೀನು, ನಮ್ಮ ನೀರಿನ ಬಿಸಿ ಅದಕ್ಕೆ ಊರಿನ ಹಾಗೇ ಇರ್ತದೆ. ಕೆರೆ ಬಲೆಗೆ ಬಿದ್ದ ಒಂದನ್ನ ನಾನು ಕೈಯಲ್ಲಿ ಹಿಡಿದಿದ್ದೆ, ಮೈಯೆಲ್ಲ ಗಟ್ಟಿ ಕವಚ, ರೆಕ್ಕೆ ಮುಳ್ಳು ಬಲೆಗೆ ಸಿಕ್ಕಿ ಕತ್ತರಿಸದೆ ಬಿಡಿಸೋಕೇ ಆಗಲಿಲ್ಲ, ನೀರಿಂದ ಎಷ್ಟೋ ಹೊತ್ತು ಹೊರಗಿದ್ರೂ ಜೀವ ಇತ್ತು ಯಾಕಂದ್ರೆ ಗಾಳಿನೂ ಉಸಿರಾಡ್ತದೆ. ಅಂಥದನ್ನ ಕೊಕ್ಕರೆಯಾಗ್ಲಿ ದೊಡ್ಡ ಮೀನಾಗ್ಲಿ ಸುಲಭದಲ್ಲಿ ನುಂಗಲ್ಲ. ಮೊಟ್ಟೆ ಇಡೋಕೆ ಕೆರೆ ದಂಡೆಯಲ್ಲಿ ಆಳವಾಗಿ ಬಿಲ ತೋಡ್ತದೆ, ಕೆರೆ ಏರಿ ಸಡಿಲ ಆಗೋದು ಹೀಗೇ. ಇನ್ನೊಂದು, ಅಘನಾಶಿನಿ ಹುಟ್ಟೋದು ನಿಮ್ಮ ಶಂಕರಹೊಂಡದಲ್ಲಿ ಅಂತಾರಲ್ಲ, ಅಣೆಕಟ್ಟಿಲ್ಲದ ಹೊಳೆ ಅದು, ಶಿರಸೀಲಿ ಬಿಟ್ಟ ಮೀನಿಗೆ ಕೆಳಗಿನವರೆಗೂ ದಾರಿ ಸಲೀಸು.

ಬ್ಯಾನ್ ಹಾಕುವಾಗ ನೋಡೋದು ಇಷ್ಟೇ, ಇಲ್ಲಿನ ನೀರಲ್ಲಿ ಬದುಕ್ತದಾ, ಮರಿ ಮಾಡ್ತದಾ, ಆಮೇಲೆ ಹಿಡಿದು ಮುಗಿಸೋಕೆ ಆಗ್ತದಾ. ಅದಕ್ಕೇ ಒಂದೊಂದು ದೇಶಕ್ಕೆ ಒಂದೊಂದು ಪಟ್ಟಿ. ನಾವು ಸಾರು ಮಾಡಿ ತಿನ್ನೋ ಮುರೆಲ್ ಇದೆಯಲ್ಲ, ಆ ಸ್ನೇಕ್‌ಹೆಡ್ ಜಾತಿಯನ್ನೇ 2002ರಲ್ಲಿ ಅಮೆರಿಕದವ್ರು ಜೀವಂತ ತರೋ ಹಾಗಿಲ್ಲ ಅಂದ್ರು. ನಮ್ಮಲ್ಲಿ 2000ದಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದು ನಿಷೇಧ ಆಯ್ತು, ಆದ್ರೆ ಅಷ್ಟೊತ್ತಿಗೇ ಅದು ಹೊಳೆ ಸೇರಿಯಾಗಿತ್ತು. 2018ರ ಕೇರಳದ ನೆರೆಲಿ ಯಾರದೋ ಕೊಳದ ಅರಪೈಮಾ, ಅಂದ್ರೆ ದಕ್ಷಿಣ ಅಮೆರಿಕದ ಒಂದು ದೈತ್ಯ ಮೀನು, ಹೊಳೇಲಿ ಸಿಕ್ತು, ಅಂದ್ರೆ ಬೇಕಂತ ಬಿಡಬೇಕು ಅಂತೇನೂ ಇಲ್ಲ, ನಮ್ಮ ಮಳೆಗೆ ಕೊಳ ಉಕ್ಕಿದ್ರೆ ಸಾಕು.

ಪ್ರಶ್ನೆ (ಭಟ್ಕಳ): ನೇತ್ರಾಣಿ ದ್ವೀಪದ ಹತ್ರ ಸಮುದ್ರದಲ್ಲಿ ಡೈವಿಂಗ್ ಮಾಡುವಾಗ ಲಯನ್‌ಫಿಶ್ ನೋಡಿದ್ದೆ ಸರ್, ಅದೂ ಅಪಾಯದ್ದಾ?

ಉತ್ತರ: ಇಲ್ಲ ಮಾರಾಯ್ರೆ, ಇದು ಅದರದ್ದೇ ಮನೆ, ಮುಳ್ಳು ಮಾತ್ರ ವಿಷದ್ದು, ಮುಟ್ಟಬೇಡಿ. ಇದೇ ಮೀನು 1985ರಲ್ಲಿ ಫ್ಲೋರಿಡಾ ಹತ್ರ ಕಾಣಿಸ್ಕೊಳ್ತು, ಅಕ್ವೇರಿಯಂನಿಂದ ಹೋಗಿದ್ದು ಅಂತಾರೆ, ಈಗ ಕೆರಿಬಿಯನ್ ತುಂಬ ಇದೆ. ಅಲ್ಲಿನ ಸಣ್ಣ ಮೀನಿಗೆ ಇದು ಬೇಟೆಗಾರ ಅನ್ನೋದೇ ಗೊತ್ತಿಲ್ಲ, ಓಡೋದೇ ಇಲ್ಲ.

ಪ್ರಶ್ನೆ (ಶಿರಸಿ): ಹಾಗಾದ್ರೆ ನಾನೀಗ ಏನ್ ಮಾಡ್ಲಿ ಸರ್?

ಉತ್ತರ: ತಂದ ಅಂಗಡಿಲಿ ಕೇಳಿ, ಎಷ್ಟೋ ಕಡೆ ವಾಪಸ್ ತಗೊಳ್ತಾರೆ. ಇಲ್ಲಾಂದ್ರೆ ದೊಡ್ಡ ಟ್ಯಾಂಕ್ ಇರೋರಿಗೆ ಕೊಡಿ, ಆದ್ರೆ ತೋಟದ ಹೊಂಡ ಇರೋರಿಗೆ ಬೇಡ. ತೊಟ್ಟಿ ನೀರನ್ನೂ ಹಳ್ಳಕ್ಕೆ ಚೆಲ್ಲಬೇಡಿ, ಅದರಲ್ಲಿ ಮರಿ, ಮೊಟ್ಟೆ, ಗಿಡದ ಚೂರು ಎಲ್ಲ ಇರ್ತದೆ, ಅಡಿಕೆ ಬುಡಕ್ಕೆ ಹಾಕಿ. ಮಗಳಿಗೂ ಯಾಕೆ ಅಂತ ಹೇಳಿ, ಅವಳಿಗೆ ಅರ್ಥ ಆಗ್ತದೆ.